ಫೋಟೋದಲ್ಲಿ ಬಣ್ಣ ಕೆಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬೆಟಗೇರಿಯ ನೇಕಾರರೊಬ್ಬರು ಮೊಬೈಲಿನಲ್ಲಿ ತೆಗೆದ ಸೀರೆಯ ಫೋಟೋ ಕಳುಹಿಸಿ ಪುಣೆಯ ಗಿರಾಕಿಯೊಬ್ಬರಿಂದ ಆರ್ಡರ್ ಪಡೆದಿದ್ದರು. ಕಳುಹಿಸಿದ ಹತ್ತೇ ದಿನಕ್ಕೆ ಸೀರೆ ಮರಳಿ ಬಂತು. ಸೀರೆಯನ್ನೂ ಮೊಬೈಲನ್ನೂ ಹಿಡಿದುಕೊಂಡು ಹುಬ್ಬಳ್ಳಿಯ ನನ್ನ ಎಡಿಟಿಂಗ್ ಕೋಣೆಗೆ ಬಂದವರು, "ಫೋಟೋದಾಗ ಇಟ್ಟಂಗಿ ಬಣ್ಣ ಇತ್ತು, ನೀವು ಕಳಿಸಿದ್ದು ಕುಂಕುಮಗೆಂಪು ಅಂತ ವಾಪಸ್ ಕಳಿಸ್ಯಾರ್ರೀ. ಇದನ್ನ ಕಂಪ್ಯೂಟರ್‌ನ್ಯಾಗ ಸರಿ ಮಾಡಿ ಕೊಡ್ರಿ" ಎಂದರು. ನನ್ನಿಂದ ಅದು ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಕೆಂಪಿನ ಭಾಗಕ್ಕೆ ಬಂದಾಗ ಹೇಳುತ್ತೇನೆ.

ಬಣ್ಣ ಕೆಡುವ ಜಾಗಗಳು ನಾಲ್ಕೇ: ವಸ್ತುವಿನ ಮೇಲೆ ಬಿದ್ದ ಬೆಳಕು, ಅದನ್ನು ಹಿಡಿದ ಕ್ಯಾಮೆರಾ, ನಾವು ನೋಡುವ ಪರದೆ, ಮತ್ತು ಫೈಲು ಇನ್ನೊಬ್ಬರ ಮೊಬೈಲಿಗೋ ಮುದ್ರಣಕ್ಕೋ ಹೋಗುವ ದಾರಿ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದ ಕೂಡಲೇ ಸ್ಲೈಡರ್ ಎಳೆಯುವವರು ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ನೋಡದೆಯೇ ಮದ್ದು ಹಾಕುತ್ತಾರೆ. ಪರದೆಯ ದೋಷವನ್ನು ಫೈಲಿನಲ್ಲಿ ತಿದ್ದಿದರೆ ಸರಿ ಇದ್ದ ಫೈಲೂ ಕೆಡುತ್ತದೆ. ಆದ್ದರಿಂದ ಕೆಳಗಿನ ಪರೀಕ್ಷೆಗಳನ್ನು ಖರ್ಚಿಲ್ಲದವುಗಳಿಂದ ಆರಂಭಿಸಿದ್ದೇನೆ. ಯಾವುದನ್ನು ಮಾಡುವ ಮುಂಚೆಯೂ ಮೂಲ ಫೈಲಿನ ಒಂದು ನಕಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಜೆಪೆಗ್ ಚಿತ್ರವನ್ನು ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದರೆ ಹಳೆಯದು ಮರಳಿ ಸಿಗುವುದಿಲ್ಲ.

ನಿಮಗೆ ಕೆಟ್ಟದಾಗಿ ಕಾಣುವ ಚಿತ್ರ ಬೇರೆಯವರಿಗೆ ಸರಿಯಾಗಿ ಕಾಣುತ್ತಿದೆ

ದೋಷ ಪರದೆಯದ್ದು. ಮೊಬೈಲ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ಸಂಜೆಯಾದ ಮೇಲೆ ತಾನಾಗಿಯೇ ಚಾಲೂ ಆಗುವ ನೈಟ್ ಲೈಟ್ ಅಥವಾ ಕಣ್ಣಿನ ರಕ್ಷಣೆಯ ಸೌಲಭ್ಯವು ನೀಲಿಯನ್ನು ತಗ್ಗಿಸಿ ಪರದೆಯನ್ನೆಲ್ಲ ಹಳದಿ ಮಾಡುತ್ತದೆ; ಮೊದಲು ಅದನ್ನು ಬಂದ್ ಮಾಡಿ. ಅನಂತರ ಪರದೆಯ ಬಣ್ಣದ ಆಯ್ಕೆ 'ವಿವಿಡ್' ಎಂದಿದ್ದರೆ ಅದನ್ನು 'ನ್ಯಾಚುರಲ್' ಅಥವಾ ಸ್ಟ್ಯಾಂಡರ್ಡ್‌ಗೆ ಬದಲಿಸಿ. ಅದೇ ಫೈಲನ್ನು ಎರಡನೆಯ ಸಾಧನದಲ್ಲಿ ತೆರೆದು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಬಗೆಯ ಕೊರತೆ ಕಂಡರೆ ಮಾತ್ರ ಮುಂದಿನ ಭಾಗಗಳಿಗೆ ಹೋಗಬೇಕು.

ಚಿತ್ರವೆಲ್ಲ ಮಂಜು ಕವಿದಂತೆ, ಬಣ್ಣಗಳು ತೊಳೆದು ಹೋದಂತೆ ಕಂಡರೆ ಲೆನ್ಸ್ ಒರೆಸಿ. ಇದು ತೀರ ಸಣ್ಣ ಮಾತಾಯಿತು ಎನ್ನಿಸಬಹುದು. ಆದರೆ ಕಿಸೆಯಲ್ಲಿದ್ದ ಮೊಬೈಲಿನ ಲೆನ್ಸಿಗೆ ಅಂಟಿದ ಬೆರಳಿನ ಜಿಡ್ಡು ದೀಪದ ಬೆಳಕನ್ನು ಚಿತ್ರದ ಮೇಲೆಲ್ಲ ಹರಡಿ ಕಪ್ಪನ್ನು ಬೂದು ಮಾಡುತ್ತದೆ, ಮತ್ತು ನನ್ನಲ್ಲಿಗೆ ಬರುವ 'ಬಣ್ಣ ಸತ್ತ' ಫೋಟೋಗಳಲ್ಲಿ ಹಲವಕ್ಕೆ ಕಾರಣ ಇಷ್ಟೇ ಆಗಿರುತ್ತದೆ. ಒರೆಸುವ ಮೊದಲು ಧೂಳನ್ನು ಬ್ಲೋಯರಿನಿಂದ (ಅದುಮಿದರೆ ಗಾಳಿ ಊದುವ ರಬ್ಬರ್ ಬುರುಡೆ) ಹಾರಿಸಬೇಕು. ಎರೆಸೀಮೆಯ ಬೇಸಿಗೆಯ ಧೂಳು ಲೆನ್ಸಿನ ಮೇಲಿರುವಾಗ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ.

ಚಿತ್ರವೆಲ್ಲ ಹಳದಿ, ಇಲ್ಲವೆ ಚಿತ್ರವೆಲ್ಲ ನೀಲಿ

ಇದು ವೈಟ್ ಬ್ಯಾಲೆನ್ಸಿನ, ಅಂದರೆ ಯಾವ ಬೆಳಕಿನಲ್ಲೂ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆಯ ದೋಷ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಎಣ್ಣೆದೀಪ, ಮೇಣದ ಬತ್ತಿಗಳ ಬೆಳಕು ಸುಮಾರು 1900, ಹಳೆಯ ತಂತಿ ಬಲ್ಬು 2700ರಿಂದ 3000, ನಡುಹಗಲಿನ ಬಿಸಿಲು ಸುಮಾರು 5500, ತೆರೆದ ಆಕಾಶದ ಕೆಳಗಿನ ನೆರಳು 7000ಕ್ಕಿಂತ ಹೆಚ್ಚು. ನಮ್ಮ ಕಣ್ಣು ಕೆಲವು ಕ್ಷಣಗಳಲ್ಲಿ ಹೊಂದಿಕೊಂಡು ಎಲ್ಲ ಕಡೆ ಧೋತರವನ್ನು ಬಿಳಿಯಾಗಿಯೇ ತೋರಿಸುತ್ತದೆ. ಕ್ಯಾಮೆರಾಕ್ಕೆ ಆ ಹೊಂದಾಣಿಕೆಯನ್ನು ನಾವು ಹೇಳಿಕೊಡಬೇಕು.

ಮೊದಲು ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎಲ್ಲಿ ನಿಂತಿದೆ ನೋಡಿ. ನಿನ್ನೆ ರಾತ್ರಿಯ ಆರತಕ್ಷತೆಗೆಂದು ಬಲ್ಬಿನ ಗುರುತಿಗೆ ಇಟ್ಟು ಮರೆತು ಬೆಳಿಗ್ಗೆ ಹೊರಗೆ ತೆಗೆದರೆ ಎಲ್ಲವೂ ನೀಲಿಯಾಗುತ್ತದೆ. ಬಿಸಿಲಿನ ಗುರುತಿನಲ್ಲಿಟ್ಟು ಬಲ್ಬಿನ ಕೆಳಗೆ ತೆಗೆದರೆ ಹಳದಿಯಾಗುತ್ತದೆ. ಸೆಟಿಂಗ್ ಸರಿ ಇದ್ದೂ ಛಾಯೆ ಉಳಿದರೆ, ಅದೇ ಬೆಳಕಿನಲ್ಲಿ ಬೂದು ಕಾರ್ಡನ್ನು ಹಿಡಿದು ಒಂದು ಫೋಟೋ ತೆಗೆದು, ಎಡಿಟಿಂಗಿನಲ್ಲಿ ವೈಟ್ ಬ್ಯಾಲೆನ್ಸಿನ ಪಿಪೆಟ್ಟಿನಿಂದ (ಹನಿಕೊಳವೆಯ ಗುರುತಿನ ಸಾಧನ) ಆ ಕಾರ್ಡನ್ನು ಒತ್ತಿ. ಕಾರ್ಡಿಲ್ಲದಿದ್ದರೆ ಬಿಳಿ ಕಾಗದ ನಡೆಯುತ್ತದೆ, ಆದರೆ ನೀಲ ಹಾಕಿ ಒಗೆದ ಅಂಗಿ, ಪಂಚೆಗಳು ನಡೆಯುವುದಿಲ್ಲ. ಅವುಗಳಲ್ಲಿ ಆಗಲೇ ನೀಲಿ ಇರುವುದರಿಂದ ಸಾಫ್ಟ್‌ವೇರ್ ಅದನ್ನು ಕಳೆಯಲು ಹೋಗಿ ಮುಖಗಳಿಗೆ ಹಳದಿ ಬಳಿಯುತ್ತದೆ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಹಳದಿ ಬೆಳಕಿಗೆ ಕೆಲ್ವಿನ್ ಕಡಿಮೆ ಎಂದು ಹೇಳುತ್ತೇವೆ, ಆದರೆ ಸ್ಲೈಡರಿನಲ್ಲಿ ಸಂಖ್ಯೆ ಹೆಚ್ಚಿಸಿದರೆ ಚಿತ್ರ ಹಳದಿಯಾಗುತ್ತದೆ. ಸ್ಲೈಡರ್ ಹೇಳುವುದು ಚಿತ್ರದ ಬಣ್ಣವನ್ನಲ್ಲ. 'ಬೆಳಕು ಇಷ್ಟು ನೀಲಿ ಇತ್ತು ಎಂದು ತಿಳಿದು ಅದಕ್ಕೆ ಎದುರಾಗಿ ಸರಿಪಡಿಸು' ಎಂಬ ಆದೇಶವನ್ನು. ಇದು ತಿಳಿದ ಮೇಲೆ ಕೈ ತಡವರಿಸುವುದಿಲ್ಲ. ಇದರ ಕೆಳಗಿನ ಟಿಂಟ್ ಸ್ಲೈಡರ್ ಹಸಿರು ಮತ್ತು ಮೆಜೆಂಟಾಗಳ ನಡುವೆ ಓಡುತ್ತದೆ. ಹಳೆಯ ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನು ತೆಗೆಯಲು ಬೇಕಾದದ್ದು ಅದು.

ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಹಾಗೆಯೇ ಇಟ್ಟ ಫೈಲಿನಲ್ಲಿ, ಈ ತಿದ್ದುಪಡಿಯನ್ನು ಎಷ್ಟು ಸಲ ಬೇಕಾದರೂ ಹಾನಿಯಿಲ್ಲದೆ ಮಾಡಬಹುದು. ಜೆಪೆಗ್‌ನಲ್ಲಿ ವೈಟ್ ಬ್ಯಾಲೆನ್ಸ್ ಆಗಲೇ ಬೆಂದು ಸೇರಿಹೋಗಿರುವುದರಿಂದ ಸ್ವಲ್ಪ ಛಾಯೆಯನ್ನು ಮಾತ್ರ ತೆಗೆಯಬಹುದು. ಇನ್ನು, ಎಲ್ಲ ಹಳದಿಯೂ ದೋಷವಲ್ಲ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲಿಂದ ತೆಗೆದ ಸಂಜೆಯ ಚಿತ್ರದಲ್ಲಿ ಆಟೋ ವೈಟ್ ಬ್ಯಾಲೆನ್ಸ್ ಹೊಂಬಣ್ಣವನ್ನೆಲ್ಲ ತೊಳೆದು ಮಧ್ಯಾಹ್ನ ಮಾಡಿದ್ದರೆ, ಅಲ್ಲಿ ಬಿಸಿಲಿನ ಗುರುತಿಗೆ ಮರಳುವುದೇ ದುರಸ್ತಿ.

ಒಂದೇ ಚಿತ್ರದಲ್ಲಿ ಅರ್ಧ ಹಳದಿ, ಅರ್ಧ ನೀಲಿ

ಸೀರೆ ಅಂಗಡಿಯ ಒಳಗಿನ ಚಿತ್ರ ಎಂದುಕೊಳ್ಳಿ. ಕಟ್ಟೆಯ ಮೇಲೆ ಹರಡಿದ ಸೀರೆಯ ಬಾಗಿಲ ಕಡೆಯ ಮಡಿಕೆ ನೀಲಿಗೆ ಎಳೆದಿದೆ, ಗಲ್ಲಾಪೆಟ್ಟಿಗೆಯ ಕಡೆಯ ಮಡಿಕೆ ಹಳದಿಗೆ. ಒಂದಕ್ಕೆ ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ, ಏಕೆಂದರೆ ಎರಡು ಬಣ್ಣದ ಬೆಳಕುಗಳಿಗೆ ಒಂದೇ ವೈಟ್ ಬ್ಯಾಲೆನ್ಸ್ ಇರುವುದು ಸಾಧ್ಯವಿಲ್ಲ. ಇದಕ್ಕೆ ಅತಿ ಅಗ್ಗದ ಔಷಧ ಸ್ವಿಚ್ಚು: ಒಳಗಿನ ದೀಪಗಳನ್ನೆಲ್ಲ ಆರಿಸಿ ಬಾಗಿಲ ಬೆಳಕೊಂದರಲ್ಲೇ ತೆಗೆಯಿರಿ, ಇಲ್ಲವೆ ಬಾಗಿಲಿಗೆ ಪರದೆ ಎಳೆದು ಒಂದೇ ಜಾತಿಯ ದೀಪಗಳಲ್ಲಿ ತೆಗೆಯಿರಿ.

ಮದುವೆಯಲ್ಲಿ ಸ್ವಿಚ್ಚು ನಮ್ಮ ಕೈಯಲ್ಲಿರುವುದಿಲ್ಲ. ಅಲ್ಲಿ ದೊಡ್ಡ ಕಳ್ಳ ಶಾಮಿಯಾನದ ಬಟ್ಟೆ. ಕೆಂಪು ಅಥವಾ ಹಳದಿ ಬಟ್ಟೆಯ ಮೂಲಕ ಸೋಸಿ ಬಂದ ಬಿಸಿಲು ಎಲ್ಲರ ತಲೆ, ಹೆಗಲುಗಳ ಮೇಲೆ ಅದೇ ಬಣ್ಣವನ್ನು ಸುರಿಯುತ್ತದೆ, ಪಕ್ಕದಿಂದ ಬರುವ ಹಗಲು ಮಾತ್ರ ಬಿಳಿಯಾಗಿರುತ್ತದೆ; ಮದುಮಗಳ ಹಣೆ ಕೆಂಪಾಗಿ, ಗಲ್ಲ ಸರಿಯಾಗಿ ಕಾಣುವ ಚಿತ್ರಗಳು ಹೀಗೆ ಹುಟ್ಟುತ್ತವೆ. ಹೀಗಿರುವಲ್ಲಿ ಮನೆಯವರನ್ನು ಚಪ್ಪರದ ಅಂಚಿಗೆ ಎರಡು ಹೆಜ್ಜೆ ತಂದು ನಿಲ್ಲಿಸುವುದರಿಂದ ಆಗುವ ಲಾಭ ಎಡಿಟಿಂಗಿನ ಒಂದು ಗಂಟೆಯಿಂದ ಆಗುವುದಿಲ್ಲ. ಫ್ಲಾಶ್ ಬಳಸುವುದಾದರೆ ಅದರ ಬೆಳಕು ಬಣ್ಣದ ಬಟ್ಟೆಗೆ ಬಡಿದು ಮರಳದಂತೆ ನೋಡಿಕೊಳ್ಳಿ. ವಿಡಿಯೋದವರ ಹ್ಯಾಲೊಜೆನ್ ದೀಪಗಳನ್ನು ಶಾಮಿಯಾನದ ಬಟ್ಟೆ, ಹೂವಿನ ಅಲಂಕಾರ, ಥರ್ಮೋಕೋಲುಗಳ ಹತ್ತಿರ ನಿಲ್ಲಿಸಲು ಬಿಡಬಾರದು. ಅವು ಬೆಂಕಿ ಹೊತ್ತಿಸುವಷ್ಟು ಕಾಯುತ್ತವೆ.

ಆಗಲೇ ತೆಗೆದಾಗಿದ್ದರೆ ಚಿತ್ರದ ಒಂದು ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಅಷ್ಟನ್ನೇ ಬೇರೆಯಾಗಿ ಆರಿಸಿಕೊಂಡು, ಬೇರೆ ವೈಟ್ ಬ್ಯಾಲೆನ್ಸ್ ಕೊಡಬಹುದು. ಹತ್ತು ನಿಮಿಷದಲ್ಲಿ ಮುಖ ಮುಖದಂತೆ ಕಾಣದಿದ್ದರೆ ನಿಲ್ಲಿಸಿ, ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಇದನ್ನು ಸೋಲು ಎಂದು ತಿಳಿಯುವವರಿದ್ದಾರೆ. ನಾನು ಹಾಗೆ ತಿಳಿದಿಲ್ಲ.

ಕಪ್ಪು ಸೀರೆ ಬೂದಾಗಿದೆ, ಬಿಳಿ ಹತ್ತಿಯೂ ಬೂದಾಗಿದೆ

ಎರಡಕ್ಕೂ ಕಾರಣ ಒಂದೇ. ಕ್ಯಾಮೆರಾದ ಮೀಟರು ತನ್ನ ಮುಂದಿನ ದೃಶ್ಯ ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಮರಳಿಸುವಂಥದ್ದು ಎಂದು ಊಹಿಸುತ್ತದೆ. ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಚೌಕಟ್ಟನ್ನು ತುಂಬಿದಾಗ ಮೀಟರು ಕತ್ತಲೆಯೆಂದು ಬಗೆದು ಬೆಳಕು ಹೆಚ್ಚಿಸುತ್ತದೆ. ಕಪ್ಪು ಬೂದಾಗುತ್ತದೆ, ಗೋಪುರ, ತೇರುಗಳ ಕಸೂತಿ ಎಳೆಗಳು ಬಿಳಚಿಕೊಳ್ಳುತ್ತವೆ. ಗದಗಿನ ಹತ್ತಿ ಮಾರುಕಟ್ಟೆಯ ರಾಶಿಯ ಮುಂದೆ ಇದಕ್ಕೆ ವಿರುದ್ಧವಾಗಿ ಬೆಳಕು ಕಡಿಮೆ ಮಾಡುತ್ತದೆ. ಕಪ್ಪಿಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕನ್ನು ಏರಿಸಿ ಇಳಿಸುವ ಆಯ್ಕೆ) ಒಂದು ಸ್ಟಾಪ್ ಕೆಳಗೆ, ಅಂದರೆ ಬೆಳಕು ಅರ್ಧಕ್ಕೆ, ಬಿಳಿಗೆ ಒಂದು ಸ್ಟಾಪ್ ಮೇಲೆ, ಅಂದರೆ ಇಮ್ಮಡಿಗೆ, ಇಟ್ಟು ಆರಂಭಿಸಿ. ಮೊಬೈಲಿನಲ್ಲಿ ವಸ್ತುವಿನ ಮೇಲೆ ಒತ್ತಿ, ಕಾಣುವ ಸೂರ್ಯನ ಗುರುತನ್ನು ಎಳೆದರೆ ಇದೇ ಕೆಲಸವಾಗುತ್ತದೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳಲ್ಲಿ ಮಾತು ತಿರುಗುಮುರುಗು: ಹಕ್ಕಿ ಚಿಕ್ಕದು, ಕಪ್ಪು ನೀರು ದೊಡ್ಡದು. ಮೀಟರು ನೀರನ್ನು ನೋಡಿ ಬೆಳಕು ಹೆಚ್ಚಿಸುವುದರಿಂದ ಬಿಳಿಯ ತಲೆ ಸುಟ್ಟುಹೋಗುತ್ತದೆ. ಅಲ್ಲಿ ಕೆಳಗೆ ಇಳಿಸಬೇಕು.

ಕರಿಯ ಕೋಟು ಮಾತ್ರ ಕಂದು ಅಥವಾ ನೇರಳೆಯಾಗಿ ಕಂಡು, ಮುಖವೂ ಹಿನ್ನೆಲೆಯೂ ಸರಿಯಾಗಿದ್ದರೆ ಅದು ಎಕ್ಸ್‌ಪೋಶರಿನ ದೋಷವಲ್ಲ. ಕೆಲವು ಕೃತಕ ನೂಲಿನ ಕಪ್ಪು ಬಟ್ಟೆಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹಳವಾಗಿ ಮರಳಿಸುತ್ತವೆ, ಸೆನ್ಸರಿನ ಮುಂದಿನ ಸೋಸುಗಾಜು ಅವುಗಳನ್ನು ಪೂರ್ತಿ ತಡೆಯದೆ ಹೋಗಬಹುದು. ಆ ಬಟ್ಟೆಯಷ್ಟನ್ನೇ ಮಾಸ್ಕ್ ಮಾಡಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿದರೆ ಸಾಕು.

ಕೆಂಪು ಕರಗಿದೆ, ಇಲ್ಲವೆ ಕೆಂಪು ಕಂದಾಗಿದೆ

ಎರಡೂ ಕೆಂಪಿನ ದೋಷಗಳೇ ಆದರೂ ಒಂದು ಕ್ಯಾಮೆರಾದಲ್ಲಿ ಹುಟ್ಟುತ್ತದೆ, ಇನ್ನೊಂದು ದೀಪದಲ್ಲಿ.

ಮೊದಲನೆಯದಕ್ಕೆ ಬ್ಯಾಡಗಿ ಮಾರುಕಟ್ಟೆಯ ಅಂಗಳಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದರ ಸುಕ್ಕು ಮತ್ತು ಕಡುಗೆಂಪು. ಕಾಯಿಯೊಂದನ್ನು ಹತ್ತಿರದಿಂದ ನೋಡಿದರೆ ಪ್ರತಿ ಸುಕ್ಕಿನ ಏಣು ತುಸು ಹೊಳೆಯುತ್ತದೆ, ಅದರ ಪಕ್ಕದ ತಗ್ಗು ಕರಿಗೆಂಪಾಗಿರುತ್ತದೆ. ಫೋಟೋದಲ್ಲಿ ಆ ಏಣೂ ತಗ್ಗೂ ಒಂದಾಗಿ, ರಾಶಿಯ ಮೇಲೆ ಕೆಂಪು ಪೇಂಟು ಸುರಿದಂತೆ ಆಗಿದ್ದರೆ ಕೆಂಪು ಚಾನೆಲ್, ಅಂದರೆ ಚಿತ್ರದಲ್ಲಿ ಕೆಂಪಿನ ಪ್ರಮಾಣವನ್ನು ಹಿಡಿದಿಡುವ ಪಾಲು, ತುಂಬಿ ಹೊರಚೆಲ್ಲಿದೆ ಎಂದು ಅರ್ಥ. ಜೆಪೆಗ್ ಚಿತ್ರದ ಪ್ರತಿ ಚಾನೆಲ್ಲಿಗೆ 0ಯಿಂದ 255ರವರೆಗೆ 256 ಮೆಟ್ಟಿಲುಗಳಿವೆ. ಏಣೂ ತಗ್ಗೂ ಎರಡೂ 255 ಮುಟ್ಟಿದ ಮೇಲೆ ಅವುಗಳ ನಡುವೆ ಕೆಂಪಿನಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ.

ತೆಗೆಯುವಾಗ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆಯ ನಕ್ಷೆ) ನೋಡಿದ್ದೆ, ಅದು ಸರಿಯಾಗಿಯೇ ಇತ್ತು ಎಂದು ಹಲವರು ಹೇಳುತ್ತಾರೆ, ಮತ್ತು ಅವರ ಮಾತು ಸುಳ್ಳಲ್ಲ. ಒಂದೇ ಬಿಳಿ ಗುಡ್ಡದಂತೆ ಕಾಣುವ ಹಿಸ್ಟೋಗ್ರಾಮ್ ಹೊಳಪಿನದ್ದು. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದ್ದು ಶೇ. 21, ನೀಲಿಯದ್ದು ಶೇ. 7. ಹೀಗಾಗಿ ಕೆಂಪು ಪೂರ್ತಿ ತುಂಬಿದ್ದರೂ ಆ ಗುಡ್ಡ ಬಲಗೋಡೆಯಿಂದ ದೂರವೇ ನಿಂತಿರುತ್ತದೆ. ಕ್ಯಾಮೆರಾದಲ್ಲಿ ಮೂರು ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಆರಿಸಿಕೊಂಡು ಕೆಂಪಿನ ಗೆರೆ ಬಲಗೋಡೆಗೆ ಒರಗಿದೆಯೇ ನೋಡಿ. ಒರಗಿದ್ದರೆ ಮೂರನೇ ಒಂದರಿಂದ ಒಂದು ಸ್ಟಾಪಿನವರೆಗೆ ಬೆಳಕು ಇಳಿಸಿ ಮತ್ತೊಮ್ಮೆ ತೆಗೆಯಿರಿ, ಪಿಕ್ಚರ್ ಸ್ಟೈಲ್ ವಿವಿಡ್ ಇದ್ದರೆ ನ್ಯೂಟ್ರಲ್ ಮಾಡಿ. ರಾ ಫೈಲಿದ್ದರೆ ಕೆಂಪಿನ ಲ್ಯೂಮಿನನ್ಸ್ (ಹೊಳಪು) ಮತ್ತು ಸ್ಯಾಚುರೇಶನ್‌ಗಳನ್ನು ತುಸು ಇಳಿಸಿದಾಗ ಸುಕ್ಕುಗಳು ಮರಳಿ ಬರುವುದುಂಟು. ಬರೀ ಜೆಪೆಗ್ ಇದ್ದರೆ ಹೋದದ್ದು ಹೋಯಿತು.

ಎರಡನೆಯದು ನೇಕಾರರ ಸೀರೆಯ ಕಥೆ. ಅವರ ಕೋಣೆಯ ಅಗ್ಗದ ಎಲ್ಇಡಿ ಬಲ್ಬಿನ ಬೆಳಕು ಕಣ್ಣಿಗೆ ಬಿಳಿಯಾಗಿಯೇ ಇತ್ತು, ಆದರೆ ಅದರಲ್ಲಿ ಕಡುಗೆಂಪಿನ ಅಂಶ ತೀರ ಕಡಿಮೆ. ಬಟ್ಟೆ ತನ್ನ ಮೇಲೆ ಬಿದ್ದ ಕೆಂಪನ್ನಷ್ಟೇ ಮರಳಿಸಬಲ್ಲದು. ಬೀಳದ ಕೆಂಪನ್ನು ಎಲ್ಲಿಂದ ಕೊಟ್ಟೀತು? ಕುಂಕುಮಗೆಂಪು ಇಟ್ಟಂಗಿಯಾದದ್ದು ಹೀಗೆ. ನಾನು ಕೆಂಪನ್ನು ಎಳೆದರೆ ಸೆರಗಿನ ಜೊತೆ ದಡಿಯ ಹಳದಿಯೂ ಕೆಂಪಾಗುತ್ತಿತ್ತು. ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ಸಿಆರ್‌ಐ ಸಂಖ್ಯೆ ಬಣ್ಣದ ನಿಷ್ಠೆಯನ್ನು 100ಕ್ಕೆ ಎಷ್ಟು ಎಂದು ಹೇಳುತ್ತದೆ, 90ಕ್ಕಿಂತ ಮೇಲಿನದನ್ನೇ ಕೊಳ್ಳಬೇಕು. ಆದರೆ ಆ ಸಂಖ್ಯೆ ಎಂಟು ತಿಳಿಬಣ್ಣಗಳ ಸರಾಸರಿ; ಕಡುಗೆಂಪಿನ ಅಳತೆಯಾದ ಆರ್9 ಅದರಲ್ಲಿ ಸೇರಿಲ್ಲ. ಕೆಂಪು ಸೀರೆ, ಮೆಣಸಿನಕಾಯಿ, ಕುಂಕುಮಗಳ ವ್ಯಾಪಾರದವರು ಆರ್9 ಎಷ್ಟು ಎಂದು ಬೇರೆಯಾಗಿ ಕೇಳಬೇಕು. ಇದ್ಯಾವ ತಾಪತ್ರಯವೂ ಬೇಡವೆಂದರೆ ಸೀರೆಯನ್ನು ಬಾಗಿಲ ಬಳಿಯ ನೆರಳಿಗೆ ತನ್ನಿ. ಆ ದಿನ ನಾವು ಮಾಡಿದ್ದೂ ಅದನ್ನೇ. ಕೋಣೆಯ ಹೊರಗಿನ ಪಡಸಾಲೆಯಲ್ಲಿ ಕಾಟಿನ ಮೇಲೆ ಹಾಸಿ, ಪಕ್ಕಕ್ಕೊಂದು ಬಿಳಿ ಕಾಗದ ಇಟ್ಟು ಅವರದೇ ಮೊಬೈಲಿನಲ್ಲಿ ತೆಗೆದೆವು. ತಿದ್ದುವ ಕೆಲಸ ಉಳಿಯಲಿಲ್ಲ.

ಚಿತ್ರದಲ್ಲಿ ಪಟ್ಟೆಗಳು

ಅಡ್ಡಡ್ಡವಾಗಿ ಕಪ್ಪು-ಹಳದಿ ಪಟ್ಟೆಗಳು ಸಾಲುಗಟ್ಟಿದ್ದರೆ ಅದು ದೀಪದ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಅದಕ್ಕಿಂತ ಬೇಗ ಓಡಿದರೆ ಚೌಕಟ್ಟಿನ ಒಂದು ಭಾಗಕ್ಕೆ ಏರಿದ ಬೆಳಕು, ಇನ್ನೊಂದಕ್ಕೆ ಇಳಿದ ಬೆಳಕು ಸಿಗುತ್ತದೆ. ಶಟರನ್ನು 1/100 ಅಥವಾ 1/50 ಸೆಕೆಂಡಿಗೆ ತನ್ನಿ, ಕ್ಯಾಮೆರಾದಲ್ಲಿ 50 ಅಥವಾ 60 ಹರ್ಟ್ಸ್ ಎಂಬ ಆಯ್ಕೆ ಇದ್ದರೆ 50 ಇಡಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ. ವೇದಿಕೆಯ ಡಿಮ್ಮರ್ ಹಾಕಿದ ಎಲ್ಇಡಿಗಳು ಬೇರೆ ವೇಗದಲ್ಲಿ ಮಿನುಗುವುದರಿಂದ ಅಲ್ಲಿ 1/100 ಕೂಡ ಕೈಕೊಡಬಹುದು.

ಪಟ್ಟೆ ಇರುವುದು ಆಕಾಶದಲ್ಲಿ ಮಾತ್ರ, ಮೆಟ್ಟಿಲಿನಂತೆ ಕಾಣುತ್ತದೆ ಎಂದಾದರೆ ರೋಗ ಬೇರೆ. ಕಪ್ಪತಗುಡ್ಡದ ಮೇಲಿನ ಸಂಜೆಯ ಬಾನು ನೀಲಿಯಿಂದ ಕೇಸರಿಗೆ ನುಣ್ಣಗೆ ಸರಿಯುತ್ತದೆ. 256 ಮೆಟ್ಟಿಲುಗಳ ಜೆಪೆಗ್‌ನಲ್ಲಿ ಅದನ್ನು ಎಳೆದಾಡಿದರೆ ಮೆಟ್ಟಿಲುಗಳು ಬಾಯಿಬಿಡುತ್ತವೆ. 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುವುದರಿಂದ ಅಲ್ಲಿ ತಿದ್ದಿ, ಕೊನೆಯಲ್ಲಿ ಮಾತ್ರ ಜೆಪೆಗ್ ಮಾಡಬೇಕು. ಉಳಿದ ಪಟ್ಟೆಯನ್ನು ತುಸು ಗ್ರೇನ್ (ಸಣ್ಣ ಕಾಳುಗಳಂಥ ಒರಟು) ಸೇರಿಸಿ ಮರೆಸಬಹುದು. ಇಂಥ ಚಿತ್ರ ತೆಗೆಯುವಾಗ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಣ್ಣಿಟ್ಟು, ಅದರಲ್ಲೂ ಟೆಲಿ ಲೆನ್ಸ್ ಹಾಕಿ, ನೇರವಾಗಿ ಸೂರ್ಯನನ್ನು ನೋಡಬೇಡಿ. ಕಣ್ಣಿನ ಹಿಂಬದಿಯ ಅಕ್ಷಿಪಟಲ (ರೆಟಿನಾ) ಸುಟ್ಟರೆ ಮರಳಿ ಬರುವುದಿಲ್ಲ.

ಪರದೆಯಲ್ಲಿ ಚೆಂದ, ಮೊಬೈಲಿಗೆ ಹೋದಾಗ ಮಂಕು, ಮುದ್ರಣದಲ್ಲಿ ಕಪ್ಪು

ಮಂಕಾದರೆ ಮೊದಲು ಫೈಲಿನ ಬಣ್ಣದ ವಲಯ (ಕಲರ್ ಸ್ಪೇಸ್, ಅಂದರೆ ಫೈಲು ಹಿಡಿದಿಡಬಲ್ಲ ಬಣ್ಣಗಳ ಹರವು) ನೋಡಿ. 1996ರಲ್ಲಿ ಬಂದ ಎಸ್‌ಆರ್‌ಜಿಬಿ ಇಂದಿಗೂ ಎಲ್ಲ ಪರದೆಗಳಿಗೂ ಅರ್ಥವಾಗುವ ಭಾಷೆ. ಅಡೋಬ್ ಆರ್‌ಜಿಬಿ ಅದಕ್ಕಿಂತ ವಿಶಾಲ, ಆದರೆ ಅದನ್ನು ಗುರುತಿಸದ ಆ್ಯಪುಗಳಲ್ಲಿ ಬಣ್ಣಗಳು ಒಣಗಿದಂತೆ ಕಾಣುತ್ತವೆ. ರವಾನಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಕಳುಹಿಸಿ, ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ.

ಮುದ್ರಣ ಕಪ್ಪಾದರೆ ಬಹುತೇಕ ತಪ್ಪು ಪರದೆಯ ಅತಿಹೊಳಪಿನದ್ದು. ಮುದ್ರಣಕ್ಕೆಂದು ಎಡಿಟ್ ಮಾಡುವಾಗ ಪರದೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇರಬೇಕು. ಪೂರ್ಣ ಹೊಳಪಿನ ಲ್ಯಾಪ್‌ಟಾಪ್ ಅದರ ಎರಡು ಮೂರು ಪಟ್ಟು ಇರುವುದುಂಟು. ಅಳೆಯುವ ಯಂತ್ರವಿಲ್ಲದಿದ್ದರೆ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಎರಡೂ ಒಂದೇ ತೂಕದ ಬಿಳಿಯಾಗಿ ಕಾಣುವವರೆಗೆ ಹೊಳಪು ಇಳಿಸಿ. ಆಲ್ಬಮ್ ಪೂರ್ತಿ ಕೊಡುವ ಮುಂಚೆ ಲ್ಯಾಬಿನಲ್ಲಿ ಅವರ ಪ್ರೊಫೈಲ್ (ಅವರ ಯಂತ್ರ ಬಣ್ಣಗಳನ್ನು ಹೇಗೆ ಮುದ್ರಿಸುತ್ತದೆ ಎಂದು ಹೇಳುವ ಫೈಲು) ಯಾವುದು ಎಂದು ಕೇಳಿ, ಒಂದೆರಡು ಸಣ್ಣ ಪ್ರಿಂಟ್ ತೆಗೆಸಿ, ಕಿಟಕಿಯ ಹಗಲಿನಲ್ಲಿ ನೋಡಿ. ಲಗ್ನಪತ್ರಿಕೆಯಂಥ ಆಫ್‌ಸೆಟ್ ಕೆಲಸದಲ್ಲಿ ನಾಲ್ಕು ಶಾಯಿಗಳ ಮಿತಿಯಿಂದ ಗಾಢ ನೀಲಿ ನೇರಳೆಗೆ ತಿರುಗುವುದು, ಉಜ್ವಲ ಕೇಸರಿ ಕುಂದುವುದು ಸಹಜ. ಅದನ್ನು ಗಿರಾಕಿಗೆ ಮೊದಲೇ ಹೇಳಿಡಬೇಕು.

ಕೈಬಿಟ್ಟು ಇನ್ನೊಬ್ಬರಿಗೆ ತೋರಿಸಬೇಕಾದ ಹೊತ್ತು

ಬಿಸಿಲಿನಲ್ಲಿ, ಬಿಸಿಲಿನ ಸೆಟಿಂಗಿನಲ್ಲಿ, ಲೆನ್ಸ್ ಬದಲಿಸಿ ತೆಗೆದ ರಾ ಚಿತ್ರದಲ್ಲೂ ಅದೇ ಛಾಯೆ, ಅದೇ ಗೆರೆ ಕಂಡರೆ ಕ್ಯಾಮೆರಾವನ್ನು ಸರ್ವಿಸ್ ಸೆಂಟರಿಗೆ ಕೊಡಿ. ಎಲ್ಲ ಚಿತ್ರಗಳ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆಯಿದ್ದು, ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿ ಆಕಾಶಕ್ಕೆ ಹಿಡಿದಾಗ ಅದು ಸ್ಪಷ್ಟವಾದರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಬ್ಲೋಯರಿಗೆ ಹೋಗದಿದ್ದರೆ ಬಾಯಿಂದ ಊದುವುದಾಗಲಿ ಬಟ್ಟೆ ಹಾಕುವುದಾಗಲಿ ಬೇಡ. ಕಾರ್ಡು ಎರರ್ ತೋರಿಸಿದರೆ ಅದರಲ್ಲಿ ಇನ್ನೊಂದು ಫೋಟೋವನ್ನೂ ತೆಗೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಡೇಟಾ ಮರಳಿಸುವವರಲ್ಲಿಗೆ ಒಯ್ಯಿರಿ. ಕೆಟ್ಟ ಫ್ಲಾಶನ್ನು ಬಿಚ್ಚಲೇಬಾರದು: ಸೆಲ್ ತೆಗೆದ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು, ಅದು ಪ್ರಾಣಕ್ಕೂ ಅಪಾಯ.

ಇದೆಲ್ಲ ಸರಿ ಇದ್ದೂ ನೀವು ತಿದ್ದಿದ ಚಿತ್ರಗಳು ನೀಲಿಯಾಗಿವೆ ಎಂದು ಮೂರು ನಾಲ್ಕು ಜನ ಬೇರೆ ಬೇರೆಯಾಗಿ ಹೇಳಿದರೆ, ನಿಮ್ಮ ಕಣ್ಣುಗಳನ್ನೂ ಪರೀಕ್ಷೆಗೆ ಒಡ್ಡಬೇಕು. ಕಣ್ಣಿನ ಪೊರೆ ಬೆಳೆಯುವಾಗ ಮಸೂರ ಹಳದಿಗಟ್ಟುತ್ತದೆ. ಎಲ್ಲವೂ ಹಳದಿಯಾಗಿ ಕಾಣುವವರು ತಮಗೆ ಅರಿವಿಲ್ಲದೆ ನೀಲಿ ಸುರಿಯುತ್ತಾರೆ. ಹಗಲಿನಲ್ಲಿ ಬಿಳಿ ಕಾಗದವನ್ನು ಒಂದೊಂದೇ ಕಣ್ಣು ಮುಚ್ಚಿಕೊಂಡು ನೋಡಿ, ಒಂದು ಕಣ್ಣಿಗೆ ಅದು ಹೆಚ್ಚು ಹಳದಿಯಾಗಿ ಕಂಡರೆ ಮುಂದಿನ ಆಲ್ಬಮಿಗೆ ಕೈಹಾಕುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ.